ಕಲ್ಲಿಗೂ ದಣಿವುಂಟು

ಕಲ್ಲು ಎಂದರೆ ಕದಲದ ವಸ್ತು ಎಂಬ ನಂಬಿಕೆ ನಮ್ಮ ನುಡಿಯಲ್ಲಿ ಬಹು ಹಿಂದಿನಿಂದ ಬೇರೂರಿದೆ. ಅರಸನು ದತ್ತಿ ಬಿಟ್ಟಾಗ ಅದನ್ನು ಕಲ್ಲಿನಲ್ಲಿ ಕೊರೆಯಿಸಿ ‘ಆಚಂದ್ರಾರ್ಕ’ವಾಗಿ ನಡೆಯಲಿ ಎಂದು ಹಾರೈಸುತ್ತಿದ್ದನು. ವೀರನು ಮಡಿದರೆ ವೀರಗಲ್ಲು, ಸತಿಯಾದವಳಿಗೆ ಮಾಸ್ತಿಗಲ್ಲು. ಕನಿಕರವಿಲ್ಲದವನದು ಕಲ್ಲೆದೆ, ದೃಢವಾದ ಮಾತು ಕಲ್ಲಿನಲ್ಲಿ ಕೊರೆದ ಗೆರೆ. ಮಣ್ಣು ಕರಗೀತು, ಮರ ಮುಪ್ಪಾದೀತು, ಕಲ್ಲಿಗೆ ಮಾತ್ರ ವಯಸ್ಸಿಲ್ಲ ಎಂಬ ಭಾವನೆಯಿಂದಲೇ ಈ ಮಾತುಗಳೆಲ್ಲ ಹುಟ್ಟಿವೆ. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನಾನು ಇಂಥ ಮಾತುಗಳ ಮೇಲೆ ದೋಷ ಹೊರಿಸಹೊರಟರೆ ಅನ್ನವಿಟ್ಟ ಮನೆಗೆ ಎರಡು ಬಗೆದಂತಾದೀತು. ಆದರೂ ಈ ನಂಬಿಕೆ ಕಾವ್ಯದಲ್ಲಿ ಎಷ್ಟು ಚೆಲುವಾಗಿದೆಯೋ ಗುಡ್ಡದ ಬುಡದಲ್ಲಿ ಮನೆ ಕಟ್ಟುವವನಿಗೆ ಅಷ್ಟೇ ಅಪಾಯಕರವಾದುದೆಂದು ಹೇಳುವುದು ಇಂದು ಅಗತ್ಯವಾಗಿ ಕಾಣುತ್ತಿದೆ.

ಪ್ರತಿವರ್ಷ ಜುಲೈ ತಿಂಗಳು ಬಂತೆಂದರೆ ನಮ್ಮ ಕರಾವಳಿಯ, ಕೊಡಗಿನ, ಮಲೆನಾಡಿನ ಸುದ್ದಿಗಳಲ್ಲಿ ಒಂದು ಮಾತು ತಪ್ಪದೆ ಮರಳಿ ಬರುತ್ತದೆ: ‘ಹಠಾತ್ ಗುಡ್ಡ ಕುಸಿತ’. ಈ ‘ಹಠಾತ್’ ಎಂಬ ವಿಶೇಷಣದ ಮೇಲೆ ನನಗೆ ಬಹುಕಾಲದಿಂದ ಅನುಮಾನವಿದೆ. ಬೀಳುವುದು ಕ್ಷಣದ ಕೆಲಸವಿರಬಹುದು. ಬೀಳುವುದಕ್ಕೆ ಸಿದ್ಧವಾಗುವುದು ಕ್ಷಣದ ಕೆಲಸವಲ್ಲ. ಮೆದುವಾದ ಕಲ್ಲು ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ, ತನ್ನ ಮೇಲಿನ ಹೊರೆಗೆ ಮಣಿಯುತ್ತ, ಜಗ್ಗುತ್ತ, ತನ್ನ ಪಾಡನ್ನು ನಾನಾ ವಿಧವಾಗಿ ಹೇಳಿಕೊಳ್ಳುತ್ತಲೇ ಇರುತ್ತದೆ. ಕೇಳಿಸಿಕೊಳ್ಳದವರು ನಾವು. ನಮ್ಮ ಕಿವುಡಿಗೆ ನಾವಿಟ್ಟ ಹೆಸರು ‘ಹಠಾತ್’.

ನಾನು ಭೂಶಾಸ್ತ್ರಜ್ಞನಲ್ಲ. ಆದರೆ ಇದು ಶಾಸ್ತ್ರಜ್ಞರ ಕೋಣೆಯೊಳಗೇ ಉಳಿಯಬೇಕಾದ ವಿಷಯವೂ ಅಲ್ಲ. ಅದರ ತಿರುಳು ಯಾವ ಗೃಹಸ್ಥನಿಗೂ ತಿಳಿಯುವಂಥದು.

ನನ್ನ ಕೋಣೆಯ ಗೋಡೆಗೆ ಹೊಡೆದ ಒಂದು ಹಲಗೆಯ ಮೇಲೆ ಹದಿನೈದು ವರ್ಷಗಳಿಂದ ನಿಘಂಟುಗಳು ಕುಳಿತಿವೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ಕೋಶದ ಮರುಮುದ್ರಣ ಅವುಗಳಲ್ಲಿ ಎಲ್ಲಕ್ಕಿಂತ ಭಾರವಾದುದು. ಹೊರೆಯನ್ನು ಇಟ್ಟ ದಿನ ಹಲಗೆ ನೆಟ್ಟಗಿತ್ತು. ಅನಂತರ ನಾನು ಒಂದು ಪುಸ್ತಕವನ್ನೂ ಅದರ ಮೇಲೆ ಹೆಚ್ಚಿಗೆ ಇಟ್ಟವನಲ್ಲ. ಹಾಗಿದ್ದರೂ ಹಲಗೆ ಇಂದು ನಡುವೆ ಎರಡು ಬೆರಳಷ್ಟು ಜಗ್ಗಿದೆ. ಹೊರೆ ಬದಲಾಗಲಿಲ್ಲ; ಕಾಲ ಮಾತ್ರ ಕಳೆಯಿತು. ಮುರಿಯಲು ಸಾಲದ ಹೊರೆಯೂ ಸಾಕಷ್ಟು ಕಾಲ ಕೂತರೆ ವಸ್ತುವಿನ ಆಕಾರವನ್ನು ಕೆಡಿಸುತ್ತದೆ ಎಂಬುದೇ ಇದರ ಅರ್ಥ. ಇಂಗ್ಲಿಷಿನವರು ಇದನ್ನು ‘ಕ್ರೀಪ್’ ಎನ್ನುತ್ತಾರೆ. ನಮ್ಮವರು ಅದನ್ನು ‘ತೆವಳಿಕೆ’ ಎಂದು ಕನ್ನಡಿಸಿದುದನ್ನು ನೋಡಿದ್ದೇನೆ. ಮಂಚದ ಹಗ್ಗಕ್ಕೂ ಮಾಡಿನ ತೊಲೆಗೂ ನಮ್ಮ ಹಿರಿಯರು ಬಳಸಿದ ‘ಜಗ್ಗು’ ಎಂಬ ಮಾತಿರುವಾಗ ಇನ್ನೊಂದನ್ನು ಹುಡುಕುವ ಕಷ್ಟವೇಕೆಂದು ನನಗೆ ಅನಿಸುತ್ತದೆ.

ಮರದಂತೆಯೇ ಕಲ್ಲೂ ಜಗ್ಗುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸುವ ಕ್ರಮ ಬಹು ಸರಳವಾದುದು. ಕಲ್ಲಿನಿಂದ ಕೈಯಳತೆಯ ಒಂದು ಉರುಳೆಯನ್ನು ಕೊರೆದು ತೆಗೆಯುತ್ತಾರೆ. ಅದನ್ನು ಕೂಡಲೇ ಪುಡಿಮಾಡಲು ಎಷ್ಟು ಹೊರೆ ಬೇಕೋ ಅದಕ್ಕಿಂತ ಕಡಿಮೆಯಾದ ಹೊರೆಯನ್ನು ಅದರ ಮೇಲಿರಿಸಿ, ಹೊರೆ ಹೆಚ್ಚುಕಡಮೆಯಾಗದಂತೆ ನೋಡಿಕೊಂಡು, ದಿನಗಟ್ಟಲೆ, ತಿಂಗಳುಗಟ್ಟಲೆ ಸೂಕ್ಷ್ಮವಾದ ಮಾಪಕದಿಂದ ಅಳೆಯುತ್ತ ಕೂರುತ್ತಾರೆ. ಆಗ ಕಾಣುವ ಕಥೆಗೆ ಮೂರು ಅಂಕಗಳು. ಮೊದಲಲ್ಲಿ ಕಲ್ಲು ಬೇಗನೆ ಮಣಿದು, ಬರಬರುತ್ತ ಮಣಿಯುವ ವೇಗ ತಗ್ಗುತ್ತದೆ. ಹೊರೆಗೆ ಒಗ್ಗಿಕೊಂಡಿತೋ ಎಂಬಂತೆ ತೋರುತ್ತದೆ. ಎರಡನೆಯದರಲ್ಲಿ ಒಂದೇ ಸಮನಾದ, ಕಣ್ಣಿಗೆ ಕಾಣದಷ್ಟು ಸಾವಕಾಶವಾದ ನಡೆ. ಇದೇ ಅತ್ಯಂತ ದೀರ್ಘವಾದ ಅಂಕ, ನೋಡುವವನು ನಿದ್ದೆಹೋಗುವ ಅಂಕ. ಹೊರೆ ಸಾಕಷ್ಟು ಚಿಕ್ಕದಾಗಿದ್ದರೆ ಕಥೆ ಇಲ್ಲಿಯೇ, ಅಥವಾ ಮೊದಲ ಅಂಕದಲ್ಲಿಯೇ, ತಣ್ಣಗಾಗಬಹುದು. ದೊಡ್ಡದಾಗಿದ್ದರೆ ಮೂರನೆಯ ಅಂಕ ಬರುತ್ತದೆ: ವೇಗ ಏರುತ್ತದೆ, ಒಳಗಿನ ಸಣ್ಣ ಸಣ್ಣ ಬಿರುಕುಗಳು ಒಂದನ್ನೊಂದು ಕೂಡಿಕೊಳ್ಳುತ್ತವೆ, ಕಲ್ಲು ಒಡೆಯುತ್ತದೆ. ಮೂರನೆಯ ಅಂಕದ ಕೊನೆಯ ದೃಶ್ಯವನ್ನು ಮಾತ್ರ ನೋಡಿದವನು ‘ಹಠಾತ್’ ಎನ್ನುತ್ತಾನೆ.

ಇನ್ನು ನೀರಿನ ಮಾತು. ಒಂದೇ ಬಂಡೆಯಿಂದ ತೆಗೆದ ಎರಡು ಉರುಳೆಗಳಲ್ಲಿ ಒಂದನ್ನು ಒಣಗಿಸಿ, ಇನ್ನೊಂದನ್ನು ನೀರಿನಲ್ಲಿ ನೆನೆಯಿಸಿ, ಎರಡರ ಮೇಲೂ ಒಂದೇ ಹೊರೆಯನ್ನಿರಿಸಿದರೆ ಅವು ಎರಡು ಬೇರೆ ಕಲ್ಲುಗಳಂತೆ ವರ್ತಿಸುತ್ತವೆ. ಅಮೆರಿಕದ ಡೇವಿಡ್ ಗ್ರಿಗ್ಸ್ ಎಂಬ ವಿಜ್ಞಾನಿ ೧೯೪೦ರಷ್ಟು ಹಿಂದೆಯೇ ಇದನ್ನು ತೋರಿಸಿದರು. ಅವರು ತೆಗೆದುಕೊಂಡದ್ದು ಜಿಪ್ಸಮಿನ ನಯವಾದ ಒಂದು ರೂಪವಾದ ಅಲಬಾಸ್ಟರ್ ಕಲ್ಲನ್ನು. ಒಣಗಿದ್ದಾಗ ಹೊರೆಯನ್ನು ಹೊತ್ತು ಹೆಚ್ಚುಕಡಮೆ ಸುಮ್ಮನಿದ್ದ ಕಲ್ಲು ನೀರಿನಲ್ಲಿ ಮುಳುಗಿಸಿದಾಗ ಜಗ್ಗುತ್ತ ನಡೆಯಿತು. ಜೇಡಿಯ ಅಂಶವುಳ್ಳ ಕಲ್ಲುಗಳಲ್ಲಿ, ಕೆಸರು ಹೆಪ್ಪುಗಟ್ಟಿ ಆದ ಕಲ್ಲುಗಳಲ್ಲಿ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲುಗಳಲ್ಲಿ ಈ ಭೇದ ಇನ್ನೂ ತೀವ್ರವಾದುದು. ಪೂರ್ತಿ ನೆನೆದಾಗ ಅವು ತಮ್ಮ ಬಲದಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುವುದುಂಟು. ಒಣಗಿದ್ದಾಗ ಮೊದಲ ಅಂಕದಲ್ಲಿಯೇ ಶಾಂತವಾಗುತ್ತಿದ್ದ ಕಲ್ಲನ್ನು ಅದೇ ಹೊರೆ, ನೆನೆದ ಸ್ಥಿತಿಯಲ್ಲಿ, ಮೂರನೆಯ ಅಂಕಕ್ಕೆ ಅಟ್ಟಬಲ್ಲದು.

ಹೀಗೇಕಾಗುತ್ತದೆ? ಕಾರಣ ಒಂದಲ್ಲ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಬೆಲ್ಲದ ಅಚ್ಚನ್ನು ನೆನೆಸಿಕೊಳ್ಳಿ. ಬೇಸಗೆಯಲ್ಲಿ ಕುಟ್ಟಿ ಒಡೆಯಬೇಕಾಗಿದ್ದ ಅಚ್ಚು ಆಷಾಢದಲ್ಲಿ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗುತ್ತದೆ. ಕಣಕಣವನ್ನು ಹಿಡಿದಿದ್ದ ಅಂಟು ತೇವದಿಂದ ಸಡಿಲವಾಗುವುದು ಒಂದು ಕಾರಣ. ಜೇಡಿಯ ಕಣಗಳು ನೀರು ಕುಡಿದು ಉಬ್ಬಿ ನೆರೆಯ ಕಣಗಳನ್ನು ದೂಡುವುದು ಎರಡನೆಯದು. ಅರೆತೇವದ ಕಲ್ಲಿನ ಸಣ್ಣ ರಂಧ್ರಗಳಲ್ಲಿ ನೀರಿನ ತೆಳುವಾದ ಪೊರೆ ಕಣಗಳನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ. ರಂಧ್ರ ಪೂರ್ತಿ ತುಂಬಿದೊಡನೆ ಆ ಸೆಳೆತ ಇಲ್ಲವಾಗುವುದು ಮೂರನೆಯದು. ಕಡಲ ದಂಡೆಯಲ್ಲಿ ಮಕ್ಕಳು ಕಟ್ಟುವ ಮರಳಿನ ಗುಡಿ ಹಸಿಯಾಗಿದ್ದಾಗ ನಿಂತು, ಅಲೆ ತಾಗಿದಾಗ ಕರಗುವುದು ಈ ಕಾರಣದಿಂದಲೇ. ನಾಲ್ಕನೆಯದು ಎಲ್ಲಕ್ಕಿಂತ ಗಹನವಾದುದು. ರಂಧ್ರದಲ್ಲಿ ಸಿಕ್ಕಿಕೊಂಡ ನೀರು ಮೇಲಿನ ಭಾರದ ಒಂದು ಪಾಲನ್ನು ತಾನು ಹೊರುತ್ತದೆ. ಹೊತ್ತರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಕಣಗಳು ಒಂದನ್ನೊಂದು ಒತ್ತಿಕೊಂಡಿದ್ದರೆ ತಾನೆ ಅವುಗಳ ನಡುವೆ ಘರ್ಷಣೆ? ನೀರು ಅವನ್ನು ಬಿಡಿಸಿ ಎತ್ತಿ ಹಿಡಿದರೆ ಜಾರಲು ದಾರಿ ಸುಗಮವಾಗುತ್ತದೆ. ಕಾರ್ಲ್ ಟೆರ್ಜಾಘಿ ಎಂಬ ಇಂಜಿನಿಯರು ೧೯೨೦ರ ದಶಕದಲ್ಲಿ ವಿವರಿಸಿದ ಈ ತತ್ತ್ವದ ಮೇಲೆಯೇ ಇಂದಿನ ಮಣ್ಣಿನ ಶಾಸ್ತ್ರವೆಲ್ಲ ನಿಂತಿದೆ.

ಈ ವಿವರಗಳನ್ನು ಇಷ್ಟು ಬೆಳೆಸಿದುದಕ್ಕೆ ಓದುಗರು ಬೇಸರಿಸಬಾರದು. ನಮ್ಮ ಕರಾವಳಿಯ ಕಲ್ಲಿನ ಸ್ವಭಾವ ತಿಳಿಯಬೇಕಾದರೆ ಇವಿಷ್ಟೂ ಬೇಕು.

ನಮ್ಮಲ್ಲಿ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೇಕಲ್ಲು, ಘಟ್ಟದ ಮೇಲೆ ಜಂಬಿಟ್ಟಿಗೆ ಎಂದು ಕರೆಸಿಕೊಳ್ಳುವ ಕೆಂಪು ಕಲ್ಲನ್ನು ಕಾಣದವರು ವಿರಳ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದ ಅದರ ಮೂಲ. ನೆಲದೊಳಗೆ ತೇವವಾಗಿದ್ದಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಬಗ್ಗುವ ಈ ಕಲ್ಲು, ತುಂಡರಿಸಿ ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಕಂಡು ಅವನು ಬೆರಗಾಗಿದ್ದನು. ನಮ್ಮ ‘ಜಂಬಿಟ್ಟಿಗೆ’ಯೊಳಗೂ ಇಟ್ಟಿಗೆ ಎಂಬ ಮಾತು ಕೂತಿರುವುದು ಸ್ವಾರಸ್ಯವಾಗಿದೆ. ಹೆಸರಿಟ್ಟವರೆಲ್ಲ ಈ ಕಲ್ಲಿನ ಒಣಗಿದ ರೂಪವನ್ನು ಮೆಚ್ಚಿಯೇ ಹೆಸರಿಟ್ಟರು.

ಆದರೆ ಮುರಕಲ್ಲು ಮೇಲಿನ ಹೊದಿಕೆ ಮಾತ್ರ. ಅದನ್ನು ಕೆಳಕ್ಕೆ ಅಗೆಯುತ್ತ ಹೋದರೆ ಹಳದಿ, ಬಿಳಿ, ನಸುಗೆಂಪು ಬಣ್ಣಗಳ ನಯವಾದ ಒಂದು ಪದರ ಸಿಗುತ್ತದೆ. ನಮ್ಮವರು ಅದನ್ನು ಶೇಡಿ ಎನ್ನುತ್ತಾರೆ. ಅದು ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಕಲ್ಲು ಕೊಳೆತು ಮಣ್ಣಾಗುವ ದಾರಿಯಲ್ಲಿ ನಡುವೆ ನಿಂತಿರುವ ವಸ್ತು. ಒಣಗಿದ ಶೇಡಿಯಲ್ಲಿ ಗೋಡೆಯಂತೆ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ನೀರು ಕುಡಿದ ಶೇಡಿ ಬೆಣ್ಣೆಯಾಗುತ್ತದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯವರೂ ಸೇರಿದಂತೆ ಅನೇಕ ಇಂಜಿನಿಯರುಗಳು ಇದರ ಗುಣದೋಷಗಳನ್ನು ಅಧ್ಯಯನ ಮಾಡಿದ್ದಾರೆ. ಮೇಲೆ ಸೋಸುವ ಮುರಕಲ್ಲು, ಕೆಳಗೆ ನೆನೆದರೆ ಮೆದುವಾಗುವ ಶೇಡಿ, ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ: ಪ್ರಯೋಗಶಾಲೆಯವರು ಯಂತ್ರದಲ್ಲಿ ಮಾಡುವ ಪರೀಕ್ಷೆಯನ್ನು ನಮ್ಮ ಗುಡ್ಡಗಳ ಮೇಲೆ ಪ್ರಕೃತಿ ವರ್ಷಕ್ಕೊಂದಾವರ್ತಿ ನಡೆಸುತ್ತಿದೆ.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಮನೆಯಲ್ಲಿ ಕಲಿಯಬಹುದಾಗಿತ್ತು. ನಮ್ಮ ಹಳೆಯ ಮನೆ ಗುಡ್ಡದ ಬುಡದಲ್ಲಿತ್ತು. ೧೯೯೩ರ ಜನವರಿಯಲ್ಲಿ ಅಪ್ಪ ಹಟ್ಟಿಯನ್ನು ಮನೆಯ ಹಿಂದಕ್ಕೆ ಸರಿಸಿ, ಮುಂದೆ ಅಡಿಕೆ ಒಣಗಿಸುವುದಕ್ಕೆ ಅಂಗಳವನ್ನು ಅಗಲಮಾಡುವ ಯೋಚನೆ ಮಾಡಿದರು. ಅದಕ್ಕಾಗಿ ಹಿಂದಿನ ಧರೆಯನ್ನು ಎರಡಾಳೆತ್ತರ ಕಡಿಸಿದರು. ಕಡಿದ ಮುಖ ನೂಲು ಹಿಡಿದಂತೆ ನಿಂತಿತು. ಕೆಲಸದ ಮೇಸ್ತ್ರಿ ಹಾರೆಯ ಹಿಡಿಯಿಂದ ಅದನ್ನು ಕುಟ್ಟಿ, “ಕಬ್ಬಿಣದ ಹಾಗೆ ಉಂಟು ಭಟ್ರೇ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ” ಎಂದನು. ಅವನು ಸುಳ್ಳು ಹೇಳಲಿಲ್ಲ. ಜನವರಿಯ ಧರೆ ಕಬ್ಬಿಣದ ಹಾಗೆಯೇ ಇತ್ತು.

ಮರುವರ್ಷದ ಮಳೆಗಾಲದಲ್ಲಿ ಹಿತ್ತಲ ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿತು. ಮಳೆಯಲ್ಲಿ ಮರ ಉಬ್ಬುವುದು ಸಹಜವಷ್ಟೆ. ಆಚಾರಿ ಬಂದು ಕೀಸಿ ಹೋದ. ೧೯೯೫ರಲ್ಲಿ ಮತ್ತೆ ಹಿಡಿಯಿತು, ಮತ್ತೆ ಕೀಸಿದ. ಉಬ್ಬಿದ ಮರ ಬೇಸಗೆಯಲ್ಲಿ ಸೊರಗಿ, ಕೀಸಿದ ಬಾಗಿಲು ಸಡಿಲವಾಗಬೇಕಾಗಿತ್ತು. ಆಗಲಿಲ್ಲ. ಇದನ್ನು ಗಮನಿಸಿದವರು ಅಜ್ಜಿ ಒಬ್ಬರೇ. ಮೂರನೆಯ ಸಲ ಆಚಾರಿ ಬಂದ ದಿನ ಅವರು ಅಪ್ಪನಿಗೆ, “ಬಾಗಿಲು ದೊಡ್ಡದಾದದ್ದಲ್ಲ ಮಗಾ, ಗೋಡೆ ಸರಿದದ್ದು. ಒಮ್ಮೆ ಧರೆಯ ಬುಡ ನೋಡು” ಎಂದರು. ಧರೆಯ ಬುಡ ನಿಜವಾಗಿಯೂ ಬಸುರಿಯ ಹೊಟ್ಟೆಯಂತೆ ಉಬ್ಬಿ ಹಿತ್ತಲ ಗೋಡೆಯ ಪಂಚಾಂಗವನ್ನು ಒತ್ತಿಕೊಂಡಿತ್ತು. ಮೇಲೆ, ಗೇರುಮರದ ಬುಡದಲ್ಲಿ, ನೆಲ ಬಿರಿದು ಗೆರೆಯೊಂದು ಮೂಡಿತ್ತು. ಬೇಸಗೆಯಲ್ಲಿ ಆ ಗೆರೆ ತರಗೆಲೆಗಳಿಂದ ತುಂಬುತ್ತಿತ್ತು, ಮಳೆಗಾಲದಲ್ಲಿ ನೀರಿನಿಂದ. ಅಪ್ಪ ನೋಡಿದರು, “ಹಿಂದಿನಿಂದಲೂ ಹಾಗೆಯೇ ಇತ್ತು” ಎಂದರು. ಆಗ ಕಾಲೇಜಿಗೆ ಹೋಗುತ್ತಿದ್ದ ನಾನೂ ಹಳಗನ್ನಡದ ವ್ಯಾಕರಣವನ್ನು ಓದುವ ಭರದಲ್ಲಿ ಅಪ್ಪನ ಮಾತಿಗೆ ತಲೆಯಾಡಿಸಿದೆ.

೧೯೯೭ರ ಆಟಿ ತಿಂಗಳಲ್ಲಿ ಒಂದು ರಾತ್ರಿ ಧರೆ ಜರಿಯಿತು. ಹಟ್ಟಿಯ ಅರ್ಧ ಮಣ್ಣಿನಡಿಗೆ ಹೋಯಿತು. ಹಿತ್ತಲ ಗೋಡೆ ಅಡಿಗೆಮನೆಯೊಳಕ್ಕೆ ಬಿತ್ತು. ಅಜ್ಜಿ ಆ ವಾರ ಜಗಲಿಯ ಕೋಣೆಯಲ್ಲಿ ಮಲಗಿದ್ದರಿಂದ ಉಳಿದುಕೊಂಡರು. ಅವರ ಕೈಯಿಂದಲೇ ಮೇವು ತಿನ್ನುತ್ತಿದ್ದ ಹಸುವೂ ಅದರ ಕರುವೂ ಉಳಿಯಲಿಲ್ಲ. ಎರಡು ದಿನಗಳ ಮೇಲೆ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತು. ಅದರ ಮೊದಲ ಪದ ‘ಹಠಾತ್’. ನಾನು ಅದನ್ನು ಓದಿ ಹೇಳಿದಾಗ ಅಜ್ಜಿ, “ಮೂರು ವರ್ಷ ಬಾಗಿಲು ಕೀಸಿದ್ದು ಯಾರು ಹಾಗಾದರೆ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ.

ನಮ್ಮದು ಒಂದು ಹಟ್ಟಿಯ ಕಥೆ. ಇದೇ ಕಥೆ ಒಂದು ಪರ್ವತದ ಅಳತೆಯಲ್ಲಿ, ದೊಡ್ಡ ದೊಡ್ಡ ವಿದ್ವಾಂಸರ ಕಣ್ಣೆದುರಿನಲ್ಲಿಯೇ, ಇಟಲಿಯಲ್ಲಿ ನಡೆದಿದೆ. ಆ ದೇಶದ ಉತ್ತರದಲ್ಲಿ ಪಿಯಾವೆ ನದಿಗೆ ಸೇರುವ ವಯೊಂಟ್ ಎಂಬ ಹೊಳೆಗೆ ಸುಮಾರು ೨೬೨ ಮೀಟರ್ ಎತ್ತರದ ಅಣೆಕಟ್ಟೊಂದನ್ನು ಕಟ್ಟಿದರು. ಜಲಾಶಯದ ದಕ್ಷಿಣದಂಡೆಯಲ್ಲಿದ್ದುದು ಮೊಂಟೆ ಟೊಕ್ ಎಂಬ ಬೆಟ್ಟ. ಆ ಸೀಮೆಯ ನುಡಿಯಲ್ಲಿ ‘ಪಟೊಕ್’ ಎಂದರೆ ಕೊಳೆತದ್ದು. ಬೆಟ್ಟದ ಹೆಸರು ಅದರ ಮೊಟಕು ರೂಪವೆಂದು ಹೇಳುತ್ತಾರೆ. ಸುಣ್ಣಕಲ್ಲಿನ ಪದರಗಳ ನಡುವೆ ತೆಳುವಾದ ಜೇಡಿಯ ಪದರಗಳು ಅದರೊಳಗಿದ್ದವು. ಊರವರ ಆತಂಕವನ್ನು ಪತ್ರಿಕೆಯಲ್ಲಿ ಬರೆದ ಟೀನಾ ಮೆರ್ಲಿನ್ ಎಂಬ ಪತ್ರಕರ್ತೆಯ ಮೇಲೆ ಸುಳ್ಳುಸುದ್ದಿ ಹರಡಿದಳೆಂದು ಮೊಕದ್ದಮೆ ಹೂಡಿದರು. ೧೯೬೦ರ ನವೆಂಬರಿನಲ್ಲಿ ಮಿಲಾನಿನ ನ್ಯಾಯಾಲಯ ಆಕೆಯನ್ನು ನಿರ್ದೋಷಿಯೆಂದು ಬಿಟ್ಟಿತು.

ಅದೇ ವರ್ಷ ನೀರು ತುಂಬತೊಡಗಿದೊಡನೆ ಬೆಟ್ಟ ಜಗ್ಗತೊಡಗಿತ್ತು. ಅಕ್ಟೋಬರಿನಲ್ಲಿ ದಿನಕ್ಕೆ ಸುಮಾರು ಮೂರು ಸೆಂಟಿಮೀಟರು. ಮೇಲ್ಭಾಗದಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದದ ಬಿರುಕು. ನವೆಂಬರ್ ೪ರಂದು ಏಳು ಲಕ್ಷ ಘನಮೀಟರಿನಷ್ಟು ಒಂದು ತುಂಡು ಕಳಚಿ ಕೆರೆಗೆ ಬಿದ್ದಿತು. ನೀರನ್ನು ಇಳಿಸಿದರು, ಬೆಟ್ಟ ನಿಂತಿತು. ಮತ್ತೆ ಏರಿಸಿದರು, ಮತ್ತೆ ಜಗ್ಗಿತು, ಇಳಿಸಿದರು, ನಿಂತಿತು. ಇಲ್ಲಿಯೇ ಬುದ್ಧಿವಂತರಿಗೆ ಮರುಳು ಹಿಡಿದುದು. ನೀರಿನ ಮಟ್ಟವನ್ನು ಏರಿಳಿಸಿ ಬೆಟ್ಟದ ನಡೆಯನ್ನು ತಿರುಪಿನಂತೆ ಬಿಗಿಯಬಹುದು, ಸಡಿಲಿಸಬಹುದು ಎಂಬ ಭರವಸೆ ಅವರಲ್ಲಿ ಮೂಡಿತು. ಪ್ರತಿಸಲ ನಿಂತ ಬೆಟ್ಟ ಹಿಂದಕ್ಕೆ ಸರಿದು ತನ್ನ ಮೊದಲ ಜಾಗದಲ್ಲಿ ನಿಲ್ಲಲಿಲ್ಲ. ಸರಿದಷ್ಟು ಸರಿದೇ ಇತ್ತು. ೧೯೬೩ರಲ್ಲಿ ಮೂರನೆಯ ಸಲ ನೀರು ಏರಿತು. ಸೆಪ್ಟೆಂಬರಿನಲ್ಲಿ ವೇಗ ಹೆಚ್ಚುವುದನ್ನು ಕಂಡು ಇಳಿಸತೊಡಗಿದರು. ಈ ಸಲ ಬೆಟ್ಟ ನಿಲ್ಲಲಿಲ್ಲ. ಅಕ್ಟೋಬರಿನ ಆರಂಭದಲ್ಲಿ ದಿನಕ್ಕೆ ಇಪ್ಪತ್ತು ಸೆಂಟಿಮೀಟರಿನವರೆಗೂ ವೇಗ ಏರಿತು. ಅಕ್ಟೋಬರ್ ೯ರ ರಾತ್ರಿ ೧೦ ಗಂಟೆ ೩೯ ನಿಮಿಷಕ್ಕೆ ಸುಮಾರು ೨೭ ಕೋಟಿ ಘನಮೀಟರ್ ಬಂಡೆ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಕೆರೆಗೆ ಜಾರಿತು. ಎದ್ದ ಅಲೆ ಅಣೆಕಟ್ಟನ್ನು ಹಾರಿ ಕೆಳಗಿನ ಲೊಂಗರೋನೆ ಎಂಬ ಪಟ್ಟಣವನ್ನು ತೊಳೆದುಹಾಕಿತು. ಸತ್ತವರು ಎರಡು ಸಾವಿರಕ್ಕೆ ಹತ್ತಿರ. ಅಣೆಕಟ್ಟಿಗೆ ಮಾತ್ರ ಹೆಚ್ಚಿನ ಹಾನಿಯಾಗಲಿಲ್ಲ. ಅದು ಇಂದಿಗೂ ನಿಂತಿದೆ. ಮನುಷ್ಯನು ಕಟ್ಟಿದ ಗೋಡೆಯ ಬಲವನ್ನು ಲೆಕ್ಕಹಾಕಿದವರಿಗೆ ಅದರ ಪಕ್ಕದ ಬೆಟ್ಟದ ಆಯಾಸ ಲೆಕ್ಕಕ್ಕೆ ಸಿಕ್ಕಲಿಲ್ಲ.

ಮೂರು ವರ್ಷಗಳ ಆ ನಡೆಯನ್ನು ‘ಹಠಾತ್’ ಎನ್ನಲು ಯಾರಿಗೆ ನಾಲಗೆ ಏಳೀತು? ನಮ್ಮ ಹಿತ್ತಲ ಬಾಗಿಲಿಗೂ ಆ ಬೆಟ್ಟಕ್ಕೂ ಅಳತೆಯ ಭೇದ ಎಷ್ಟೇ ಇರಲಿ, ಎರಡು ಕಡೆಯೂ ತಪ್ಪು ಒಂದೇ. ನೀರು ಇಳಿದಾಗ ನಡೆ ನಿಂತುದನ್ನು ನಾವು ಗುಣವಾದ ಲಕ್ಷಣವೆಂದು ತಿಳಿದೆವು. ಅದು ವಿರಾಮ ಮಾತ್ರವಾಗಿತ್ತು. ತೇವದಲ್ಲಿ ಸರಿದುದು ಒಣಗಿದಾಗ ಮರಳಿ ಬಂದಿತೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ಸಾಕಾಗಿತ್ತು.

ಇಷ್ಟರಲ್ಲಿ ಕೆಲವು ಓದುಗರು ಆಕ್ಷೇಪವೆತ್ತಬಹುದು. “ಹಾಗಾದರೆ ರಸ್ತೆ ಬೇಡವೆ? ಮನೆ ಬೇಡವೆ? ನಮ್ಮ ಹಿರಿಯರು ಮುರಕಲ್ಲಿನಲ್ಲಿ ಕೊರೆದ ನೀರಿನ ಸುರಂಗಗಳು ಯಾವ ಆಧಾರವೂ ಇಲ್ಲದೆ ತಲೆಮಾರುಗಳಿಂದ ನಿಂತಿಲ್ಲವೆ?” ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಸುರಂಗಗಳು ನಿಂತಿರುವುದು ನಿಜ. ಆದರೆ ಆ ಸುರಂಗಗಳ ಉದ್ದೇಶವೇ ನೀರನ್ನು ಗುಡ್ಡದಿಂದ ಹೊರಕ್ಕೆ ಹರಿಯಬಿಡುವುದು ಎಂಬುದನ್ನು ಮರೆಯಬಾರದು. ಕಿರಿದಾದ, ಕಮಾನಿನಂತೆ ಕೊರೆದ, ನೀರು ನಿಲ್ಲದ ದಾರಿ ಅದು. ಇಡೀ ಗುಡ್ಡದ ಬುಡವನ್ನೇ ನೆಟ್ಟಗೆ ಕಡಿದು, ಮೇಲಿನ ನೀರಿಗೆ ದಾರಿ ಕಾಣಿಸದೆ ಬಿಡುವುದು ಬೇರೆಯ ಕೆಲಸ. ಕಲ್ಲು ಜಗ್ಗುತ್ತದೆ ಎಂದ ಮಾತ್ರಕ್ಕೆ ಎಲ್ಲ ಕಲ್ಲೂ ಬೀಳಲೇಬೇಕೆಂದಿಲ್ಲ. ಹೊರೆ ತಗ್ಗಿದರೆ, ನೀರು ಹೊರಟುಹೋದರೆ, ಮೊದಲ ಅಂಕದಲ್ಲಿಯೇ ಕಥೆ ಮುಗಿಯಬಹುದೆಂದು ಪ್ರಯೋಗಗಳೇ ಹೇಳುತ್ತವೆ.

ಅಷ್ಟೇ ಅಲ್ಲ, ಜಗ್ಗುವ ಕಲ್ಲು ತನ್ನ ಮುಹೂರ್ತವನ್ನು ಹೇಳುವುದೂ ಉಂಟು. ಜಪಾನಿನ ಸೈಟೊ ಎಂಬ ಇಂಜಿನಿಯರು ೧೯೬೫ರಲ್ಲಿ ಒಂದು ಸಂಬಂಧವನ್ನು ಮುಂದಿಟ್ಟರು: ನಡೆ ಎಷ್ಟು ವೇಗವೋ ಬೀಳಲು ಉಳಿದ ಕಾಲ ಅಷ್ಟು ಕಡಿಮೆ. ನಡೆಯನ್ನು ಅಳೆಯುತ್ತಿದ್ದರೆ ಬೀಳುವ ಹೊತ್ತನ್ನು ಮುಂದಾಗಿ ಎಣಿಸಬಹುದು. ೧೯೭೦ರ ಜನವರಿಯಲ್ಲಿ ಆ ದೇಶದ ತಕಬಾಯಾಮ ಎಂಬಲ್ಲಿ ರೈಲುದಾರಿಯ ಮೇಲಿನ ಇಳಿಜಾರು ಜಾರಿದಾಗ ಈ ವಿಧಾನದಿಂದ ಮೊದಲೇ ಎಣಿಸಿದ್ದ ಹೊತ್ತಿಗೂ ಬಿದ್ದ ಹೊತ್ತಿಗೂ ಬಹಳ ಅಂತರವಿರಲಿಲ್ಲ. ಎಲ್ಲ ಗುಡ್ಡಗಳೂ ಇಷ್ಟು ವಿಧೇಯವಾಗಿರುವುದಿಲ್ಲ. ಆದರೆ ಅಳೆಯದವನಿಗೆ ವಿಧೇಯವಾದ ಗುಡ್ಡವೂ ಏನನ್ನೂ ಹೇಳಲಾರದು.

೨೦೨೪ರ ಜುಲೈ ೧೬ರ ಬೆಳಿಗ್ಗೆ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೆ ಜರಿಯಿತು. ಚಹದಂಗಡಿಯಲ್ಲಿದ್ದವರು, ದಾರಿಬದಿಯಲ್ಲಿ ವಾಹನ ನಿಲ್ಲಿಸಿದ್ದವರು ಗಂಗಾವಳಿ ನದಿಗೆ ತಳ್ಳಲ್ಪಟ್ಟರು. ಮಣ್ಣು ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಆಚೆಯ ದಡದ ಉಳುವರೆ ಗ್ರಾಮದ ಮನೆಗಳಿಗೆ ಅಪ್ಪಳಿಸಿತು. ಒಂದು ಲಾರಿಯನ್ನೂ ಅದರ ಚಾಲಕನ ದೇಹವನ್ನೂ ನದಿಯಿಂದ ಎತ್ತುವುದಕ್ಕೆ ಸೆಪ್ಟೆಂಬರ್ ೨೫ರವರೆಗೆ, ಎಪ್ಪತ್ತೊಂದು ದಿನ, ಕಾಯಬೇಕಾಯಿತು. ಬೆಟ್ಟ, ನೀರು, ಅಲೆ, ಎದುರುದಡ: ವಯೊಂಟಿನ ನೆನಪಾಗದೆ ಇರಲು ಸಾಧ್ಯವೆ? ಎರಡರ ಗಾತ್ರದಲ್ಲಿ ಅಜಗಜಾಂತರವಿದೆ. ಅಲ್ಲಿ ಬಂಡೆ, ಇಲ್ಲಿ ಬಹುಮಟ್ಟಿಗೆ ಶಿಥಿಲವಾದ ಕಲ್ಲಿನ ಮಣ್ಣು. ಆದರೆ ಇಲ್ಲಿಯೂ ಹೆದ್ದಾರಿಗಾಗಿ ಗುಡ್ಡದ ಬುಡವನ್ನು ಕಡಿಯಲಾಗಿತ್ತು, ಇಲ್ಲಿಯೂ ದಿನಗಟ್ಟಲೆ ಮಳೆ ಸುರಿದಿತ್ತು. ಅಳತೆಯ ಮೊಳೆಯೊಂದನ್ನು ಗುಡ್ಡದ ನೆತ್ತಿಯಲ್ಲಿ ಹೊಡೆದು ನೋಡುತ್ತಿರುವ ಪದ್ಧತಿ ನಮ್ಮಲ್ಲಿ ವಾಡಿಕೆಯಾಗಿದ್ದರೆ, ಕಡಿದ ಧರೆಯ ಬುಡದಲ್ಲಿ ಜನ ಚಹಾ ಕುಡಿಯಲು ನಿಲ್ಲಬಹುದೆ, ನಿಲ್ಲಬಾರದೆ ಎಂಬುದನ್ನು ಮುಂದಾಗಿ ಯೋಚಿಸುವುದಕ್ಕೆ ಒಂದು ಆಧಾರವಾದರೂ ಇರುತ್ತಿತ್ತು.

ಆದುದರಿಂದ ನನ್ನ ಸೂಚನೆಗಳು ಕೆಲವೇ. ಧರೆಯನ್ನು ಕಡಿಯುವ ಮೊದಲು ಕಲ್ಲನ್ನು ಪರೀಕ್ಷಿಸುವವರು ನೆನೆಯಿಸಿದ ಕಲ್ಲನ್ನೂ ಪರೀಕ್ಷಿಸಲಿ. ಮಾಘಮಾಸದಲ್ಲಿ ಕಲ್ಲಿಗೆ ಕೊಟ್ಟ ಯೋಗ್ಯತಾಪತ್ರ ಆಷಾಢದಲ್ಲಿ ಚಲಾವಣೆಯಾಗದು. ಹೊಸದಾಗಿ ಕಡಿದ ಧರೆಯ ಕೆಳಗೆ ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಮನೆಯನ್ನಾಗಲಿ, ಹಟ್ಟಿಯನ್ನಾಗಲಿ, ಅಂಗಡಿಯನ್ನಾಗಲಿ ಕಟ್ಟಬಾರದು. ಧರೆಯ ಮೇಲ್ಭಾಗದಲ್ಲಿ ಮಳೆನೀರನ್ನು ಬದಿಗೆ ಸಾಗಿಸುವ ಕಣಿ ಇರಬೇಕು. ನೀರಿಂಗಿಸುವುದು ಪುಣ್ಯದ ಕೆಲಸವೇ ಸರಿ, ಆದರೆ ಕಡಿದ ಧರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡುವುದು ಆ ಪುಣ್ಯಕ್ಕೆ ಸೇರಿದುದಲ್ಲ. ನಾಲ್ಕನೆಯದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದುದು. ನೆಲದ ಬಿರುಕಿನ ಎರಡು ದಡಗಳಲ್ಲಿ ಎರಡು ಗೂಟಗಳನ್ನು ನೆಟ್ಟು, ನಡುವಣ ದೂರವನ್ನು ವಾರಕ್ಕೊಮ್ಮೆ ಅಳೆದು, ತಾರೀಕಿನೊಡನೆ ಬರೆದಿಡಲು ಯಾವ ಪ್ರಯೋಗಶಾಲೆಯೂ ಬೇಕಿಲ್ಲ. ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಸಾಕು. ದೂರ ವಾರದಿಂದ ವಾರಕ್ಕೆ ಹೆಚ್ಚು ಹೆಚ್ಚಾಗಿ ಬೆಳೆಯುತ್ತಿದ್ದರೆ ಧರೆಯ ಕೆಳಗಿನ ಮನೆಯವರನ್ನು ಎಬ್ಬಿಸಲೇಬೇಕು. ಗುಡ್ಡದ ನೆರಳಿನಲ್ಲಿರುವ ಪ್ರತಿಯೊಂದು ಶಾಲೆಯೂ ಈ ಕೆಲಸವನ್ನು ಕೈಗೊಂಡರೆ ಐದಾರು ವರ್ಷಗಳಲ್ಲಿ ನಮ್ಮ ನಾಡಿನ ಗುಡ್ಡಗಳದೇ ಒಂದು ದಿನಚರಿ ಸಿದ್ಧವಾದೀತು.

ಭಾಷೆಯವನಾಗಿ ಕೊನೆಯದೊಂದು ಕೋರಿಕೆ. ಜಗ್ಗು, ಉಬ್ಬು, ಬಿರಿ, ಸರಿ, ಜರಿ, ಕುಸಿ: ನಮ್ಮ ಹಳ್ಳಿಯವರ ಬಾಯಲ್ಲಿ ಇವು ಬೇರೆ ಬೇರೆ ಕ್ರಿಯೆಗಳು. ಗುಡ್ಡ ಒಂದು ದಿನ ಕುಸಿಯುವುದಕ್ಕೆ ಮೊದಲು ಈ ಎಲ್ಲ ಕ್ರಿಯಾಪದಗಳ ಮೂಲಕ ಹಾದುಬಂದಿರುತ್ತದೆ. ನಾವು ಕೊನೆಯದನ್ನು ಮಾತ್ರ ಬರೆಯುತ್ತ ಉಳಿದವನ್ನು ಮರೆಯುತ್ತಿದ್ದೇವೆ. ಮರೆತ ಮಾತಿನೊಡನೆ ಆ ಮಾತು ಹೇಳುತ್ತಿದ್ದ ನೋಟವೂ ಹೋಗುತ್ತದೆ. ಅಜ್ಜಿಗೆ ಟೆರ್ಜಾಘಿಯೂ ಗೊತ್ತಿರಲಿಲ್ಲ, ಗ್ರಿಗ್ಸನೂ ಗೊತ್ತಿರಲಿಲ್ಲ. ‘ಉಬ್ಬಿದ್ದು’ ಬೇರೆ, ‘ಸರಿದದ್ದು’ ಬೇರೆ ಎಂಬುದು ಗೊತ್ತಿತ್ತು.

ಹೊಸ 
ಮನೆಯನ್ನು ನಾವು ಗುಡ್ಡದಿಂದ ದೂರಕ್ಕೆ ಕಟ್ಟಿಕೊಂಡೆವು. ಹಳೆಯ ಮನೆಯ ಆ ಹಿತ್ತಲ ಬಾಗಿಲನ್ನು ಮಣ್ಣಿನಿಂದ ಎತ್ತಿ ತಂದು ಸೌದೆಯ ಕೊಟ್ಟಿಗೆಗೆ ಇಟ್ಟಿದ್ದೇವೆ. ಮೂರು ಸಲ ಕೀಸಿದ ಅದರ ಅಂಚು ಒಂದು ಕೊನೆಯಲ್ಲಿ ಒಂದೂವರೆ ಬೆರಳಷ್ಟು ಕಿರಿದಾಗಿದೆ. ಆ ಒಂದೂವರೆ ಬೆರಳನ್ನು ನಾವು ಬಾಗಿಲಿನಿಂದ ಕಳೆಯುವ ಬದಲು ಧರೆಯ ಬುಡದಲ್ಲಿ ಅಳೆದಿದ್ದರೆ, ಅಜ್ಜಿಯ ಹಸುವನ್ನಾದರೂ ಬೇರೆ ಕಡೆಗೆ ಕಟ್ಟುತ್ತಿದ್ದೆವು.